ಸ್ಮೃತಿಯೂ ಪ್ರತ್ಯಭಿಜ್ಞೆಯೂ: ಬಾಲ್ಯದ ತಾಣವನ್ನು ಕುರಿತ ಬರಹಗಳ ವಿಮರ್ಶೆ

ವಯಸ್ಸು ಕಳೆದ ಮೇಲೆ ತಾನು ಆಡಿ ಬೆಳೆದ ತಾಣಕ್ಕೆ ಮರಳಿ ಹೋಗಿ, ಅಲ್ಲಿ ಕಂಡುದನ್ನೂ ಕಾಣದೆ ಹೋದುದನ್ನೂ ಬರೆದಿಡುವುದು ಕನ್ನಡದಲ್ಲಿ ಇಂದು ಬಹು ಬಳಕೆಯ ಬರವಣಿಗೆಯಾಗಿದೆ. ಇದರ ಬೇರು ಹಳೆಯದು. ತವರಿಗೆ ಬಂದ ಹೆಣ್ಣುಮಗಳ ಭಾವವನ್ನು ಜನಪದ ಗೀತೆಗಳು ಎಷ್ಟು ಕಾಲದಿಂದಲೋ ಹಾಡುತ್ತ ಬಂದಿವೆ. ಯಳಂದೂರಿನ ಗೌರೀಶ್ವರ ದೇವಾಲಯದ ಬಳೆಮಂಟಪದ ನೆರಳಿನಲ್ಲಿ ಕುಳಿತು ಹರಟಿದವನಿಗೂ, ಕೊಳ್ಳೇಗಾಲದ ಮರಡಿಗುಡ್ಡವನ್ನು ಓಡಿ ಹತ್ತಿದವನಿಗೂ, ಹನೂರಿನ ಹಾದಿಯಲ್ಲಿ ನಿಂತು ಮಾದಪ್ಪನ ಬೆಟ್ಟಕ್ಕೆ ನಡೆಯುವ ಪರಿಷೆಯನ್ನು ನೋಡಿದವನಿಗೂ ಹೇಳಬೇಕಾದ ಮಾತು ಇದ್ದೇ ಇರುವುದು. ಆದರೆ ಇಂತಹ ಬರಹಗಳನ್ನು ಹತ್ತಾರು ಓದಿದ ವಾಚಕನಿಗೆ ಒಂದು ಬೇಸರ ಹುಟ್ಟುವುದೂ ಉಂಟು. ದೊಡ್ಡದಾಗಿದ್ದ ಕಟ್ಟೆ ಚಿಕ್ಕದಾಗಿದೆ, ತುಂಬಿದ್ದ ಕೆರೆ ಬತ್ತಿದೆ, ಇದ್ದ ಜನರಿಲ್ಲ, ಆ ಕಾಲವೇ ಕಾಲ—ಎಲ್ಲವೂ ಈ ನಾಲ್ಕು ಮಾತುಗಳಲ್ಲಿ ಮುಗಿಯುತ್ತವೆ. ಊರಿನ ಹೆಸರನ್ನು ಬದಲಿಸಿದರೆ ಒಬ್ಬನ ಲೇಖನವು ಮತ್ತೊಬ್ಬನದಾಗಿ ಬಿಡಬಹುದು. ಬರೆದವನ ದುಃಖ ನಿಜವಾಗಿದ್ದರೂ ಬರಹವು ನಿಜವಾಗದೆ ಇರುವುದೇಕೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಇದಕ್ಕೆ ಉತ್ತರವು ತರ್ಕಶಾಸ್ತ್ರದ ಮೊದಲ ಪಾಠಗಳಲ್ಲಿಯೇ ದೊರೆಯುತ್ತದೆ. ಹಿಂದಿನ ಅನುಭವವು ಮನಸ್ಸಿನಲ್ಲಿ ಉಳಿಸಿದ ಸಂಸ್ಕಾರವೊಂದರಿಂದಲೇ ಹುಟ್ಟುವ ಜ್ಞಾನಕ್ಕೆ ನೈಯಾಯಿಕರು ಸ್ಮೃತಿಯೆಂದು ಹೆಸರಿಟ್ಟರು. ಎದುರಿಗಿರುವ ವಸ್ತುವನ್ನು ಕಣ್ಣಾರೆ ಕಂಡು, ಅದರೊಡನೆ ಹಳೆಯ ಸಂಸ್ಕಾರವೂ ಕೂಡಿ, ಅಂದಿನದೇ ಇದು ಎಂದು ನಿಶ್ಚಯಿಸುವ ಜ್ಞಾನ ಪ್ರತ್ಯಭಿಜ್ಞೆ. ಮೊದಲನೆಯದಕ್ಕೆ ವಸ್ತು ಎದುರಿಗಿರಬೇಕಾದುದಿಲ್ಲ. ಎರಡನೆಯದಕ್ಕೆ ವಸ್ತುವಿಲ್ಲದೆ ಗತಿಯಿಲ್ಲ. ಸ್ಮೃತಿಯನ್ನು ಅವರು ಯಥಾರ್ಥಾನುಭವದ ಪಂಕ್ತಿಯಲ್ಲಿ ಕೂರಿಸಲಿಲ್ಲ. ಪ್ರತ್ಯಭಿಜ್ಞೆಯನ್ನು ಪ್ರತ್ಯಕ್ಷದೊಳಗೆ ಸೇರಿಸಿದರು. ಬಾಲ್ಯದ ತಾಣಕ್ಕೆ ಹೋಗಿ ಬಂದೆವೆಂದು ಬರೆಯುವವರಲ್ಲಿ ಹೆಚ್ಚಿನವರು ವಾಸ್ತವವಾಗಿ ಅಲ್ಲಿಗೆ ಹೋಗಿಯೇ ಇರುವುದಿಲ್ಲ. ದೇಹವು ಹೋಗಿದ್ದರೂ ಬರಹವು ಮನೆಯ ಜಗಲಿಯಲ್ಲಿ ಕುಳಿತು ಸ್ಮರಿಸಿದುದೇ ಆಗಿರುತ್ತದೆ.

ಈ ಭೇದವನ್ನು ಕಾವ್ಯದಲ್ಲಿ ತೋರಿಸಿಕೊಟ್ಟವನು ಭವಭೂತಿ. ಉತ್ತರರಾಮಚರಿತದ ಮೊದಲನೆಯ ಅಂಕದಲ್ಲಿ ರಾಮನೂ ಸೀತೆಯೂ ಅರಮನೆಯಲ್ಲಿ ಕುಳಿತು ವನವಾಸದ ಚಿತ್ರಗಳನ್ನು ನೋಡುತ್ತಾರೆ. ಚಿತ್ರವು ನೆನಪನ್ನು ಕೆರಳಿಸುತ್ತದೆ. ಹಳೆಯ ನೋವೂ ಹಳೆಯ ಸುಖವೂ ಮರುಕಳಿಸುತ್ತವೆ. ಇದು ಸ್ಮೃತಿಯ ಅಂಕ. ಎರಡನೆಯ ಅಂಕದಲ್ಲಿ ಹನ್ನೆರಡು ವರ್ಷಗಳು ಕಳೆದಿವೆ; ಸೀತಾಪರಿತ್ಯಾಗವಾಗಿದೆ; ರಾಮನು ಒಬ್ಬನೇ ಆ ಕಾಡಿನಲ್ಲಿ ನಿಂತಿದ್ದಾನೆ. ಅದು ಅವನ ಬಾಲ್ಯದ ತಾಣವಲ್ಲ, ತಾರುಣ್ಯದ್ದು. ಆದರೂ ಮರಳಿ ಬಂದವನ ಪಾಡು ಒಂದೇ. ಅವನು ಕೇವಲ ಅಳುವುದಿಲ್ಲ, ಸುತ್ತಲೂ ನೋಡುತ್ತಾನೆ. ಹೊಳೆ ಹರಿಯುತ್ತಿದ್ದಲ್ಲಿ ಮರಳ ದಿಣ್ಣೆ ಎದ್ದಿದೆ. ಮರಗಳು ದಟ್ಟವಾಗಿದ್ದ ಕಡೆ ವಿರಳವಾಗಿವೆ, ವಿರಳವಾಗಿದ್ದ ಕಡೆ ದಟ್ಟವಾಗಿವೆ. ಬೇರೊಂದು ಕಾಡೇ ಇದು ಎಂಬ ಶಂಕೆ ಮೂಡುತ್ತದೆ. ಬೆಟ್ಟಗಳು ಮಾತ್ರ ಇದ್ದಲ್ಲಿಯೇ ಇರುವುದರಿಂದ, ಅದೇ ಇದು ಎಂಬ ಬುದ್ಧಿ ದೃಢವಾಗುತ್ತದೆ. ಏನು ಬದಲಾಯಿತು, ಎತ್ತ ಬದಲಾಯಿತು, ಯಾವುದು ನಿಂತಿತು ಎಂಬ ಮೂರನ್ನೂ ಕವಿಯು ಒಂದೇ ಶ್ಲೋಕದಲ್ಲಿ ಹೇಳಿ ಮುಗಿಸಿದ್ದಾನೆ. ಇಲ್ಲಿ ಶೋಕಕ್ಕೆ ಸಾಕ್ಷಿಯಿದೆ; ಆದಕಾರಣ ಅದು ಓದುಗನದೂ ಆಗುತ್ತದೆ. ರಾಮನು ಆ ಕಾಡಿಗೆ ಬಂದುದು ಶಂಬೂಕನ ವಧೆಗಾಗಿ ಎಂಬುದನ್ನೂ ಮರೆಯಲಾಗದು. ಒಬ್ಬನ ಪ್ರಿಯಸ್ಥಾನವು ಇನ್ನೊಬ್ಬನ ಪಾಲಿಗೆ ಏನಾಗಿತ್ತು ಎಂಬ ಪ್ರಶ್ನೆಯನ್ನು ನಾಟಕವು ಅಷ್ಟಕ್ಕೇ ಬಿಟ್ಟಿತು. ಕನ್ನಡದಲ್ಲಿ 1944ರ 'ಶೂದ್ರ ತಪಸ್ವಿ'ಯಲ್ಲಿ ಕುವೆಂಪು ಅವರು ಅದನ್ನು ಎತ್ತಿಕೊಂಡರು.

ಕನ್ನಡ ಗದ್ಯದಲ್ಲಿ ಈ ದಾರಿಯ ಒಳ್ಳೆಯ ಬರಹಗಳು ಇಲ್ಲದಿಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ 'ಹಳ್ಳಿಯ ಚಿತ್ರಗಳು' 1930ರಲ್ಲಿಯೂ, ಕುವೆಂಪು ಅವರ 'ಮಲೆನಾಡಿನ ಚಿತ್ರಗಳು' 1933ರಲ್ಲಿಯೂ ಬಂದುವು. ಅವು ಬಾಳುತ್ತಿರುವುದು ಊರಮೇಲಿನ ಮಮತೆಯ ಬಲದಿಂದ ಮಾತ್ರವಲ್ಲ. ಹೊಳೆಯ ತಿರುವು, ಗುಡ್ಡದ ಹೆಸರು, ಜನರ ಮಾತಿನ ವರಸೆ ಇವು ಅಲ್ಲಿ ಅಚ್ಚಳಿಯದೆ ನಿಂತಿರುವುದರಿಂದ. ಸಿದ್ಧಲಿಂಗಯ್ಯನವರ 'ಊರುಕೇರಿ'ಯಲ್ಲಿ ನೊಗಕ್ಕೆ ಹೆಗಲು ಕೊಟ್ಟು ಎತ್ತಿನಂತೆ ಎಳೆಯುತ್ತಿದ್ದ ತಂದೆಯನ್ನು ಕಂಡ ಬಾಲಕನ ನೋಟವಿದೆ. ಅಲ್ಲಿ ಹಾಹಾಕಾರವಿಲ್ಲ, ಕಂಡುದು ಮಾತ್ರವಿದೆ, ಕಂಡುದೇ ಸಾಕಾಗಿದೆ. ಎಲ್ಲರ ಬಾಲ್ಯವೂ ಅರಳಿಕಟ್ಟೆಯ ಮೇಲೆ ಕಳೆಯಲಿಲ್ಲ, ಕಟ್ಟೆಯನ್ನು ಹತ್ತುವ ಅಧಿಕಾರ ಎಲ್ಲರಿಗೂ ಇರಲಿಲ್ಲ ಎಂಬುದನ್ನು ಇಂತಹ ಬರಹವೇ ತಿಳಿಸಬಲ್ಲುದು.

ಇನ್ನು ಕೊಳ್ಳೇಗಾಲ, ಹನೂರು, ಯಳಂದೂರುಗಳ ಮಾತು. ಇಲ್ಲಿ ಬದಲಾವಣೆಯೆಂಬುದು ಬರಿಯ ಭಾವನೆಯ ವಿಷಯವಲ್ಲ. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಸೀಮೆ. ಕೊಳ್ಳೇಗಾಲವು 1956ರವರೆಗೆ ಮದರಾಸಿನ ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, ಬಳಿಕ ಮೈಸೂರು ಜಿಲ್ಲೆಗೂ, 1997ರಲ್ಲಿ ಚಾಮರಾಜನಗರ ಜಿಲ್ಲೆಗೂ ಸೇರಿತು. ಆಮೇಲೆ ಹನೂರು ಅದರಿಂದ ಬೇರ್ಪಟ್ಟು ತಾನೇ ಒಂದು ತಾಲ್ಲೂಕಾಯಿತು. ಒಂದೇ ಮನೆಯಲ್ಲಿ ಹುಟ್ಟಿ ಮುದುಕನಾದವನ ವಿಳಾಸವು ಅವನು ಕದಲದೆಯೇ ಮೂರು ಜಿಲ್ಲೆಗಳನ್ನು ದಾಟಿತು. ಇಂತಹ ನೆಲದ ಲೇಖಕನು 'ಎಲ್ಲವೂ ಬದಲಾಯಿತು' ಎಂದು ನಿಟ್ಟುಸಿರಿಟ್ಟು ಸುಮ್ಮನಾದರೆ, ಬರೆಯಬೇಕಾದುದನ್ನೆಲ್ಲ ಬಿಟ್ಟಂತೆಯೇ ಸರಿ.

ಈ ಸೀಮೆಯಲ್ಲಿ ಭವಭೂತಿಯ ಶ್ಲೋಕವನ್ನು ಬಾಳಿ ತೋರಿಸಿದವರು ಕಾವ್ಯವನ್ನು ಓದಿದವರಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು. ರಂಗನಾಥನು ತಮ್ಮ ಕುಲದ ಕುಸುಮಾಲೆಯನ್ನು ವರಿಸಿದ್ದರಿಂದ ಅವನನ್ನು ಭಾವನೆಂದು ಕರೆಯುವ ಜನ ಅವರು. 1974ರಲ್ಲಿ ಆ ಕಾಡು ವನ್ಯಜೀವಿಧಾಮವೆಂದು ಘೋಷಿತವಾಯಿತು. ಕಾಡಿನ ಒಳಗಣ ಪೋಡುಗಳಲ್ಲಿದ್ದ ಎಷ್ಟೋ ಕುಟುಂಬಗಳನ್ನು ಎಬ್ಬಿಸಿ ಅಂಚಿನಲ್ಲಿ ನೆಲೆಗೊಳಿಸಿದರು, ಬೇಸಾಯ ನಿಂತಿತು, ನೆಲದ ಒಣ ಎಲೆಯನ್ನು ಮಾತ್ರ ಸುಡುವ ತರಗುಬೆಂಕಿಯೂ ನಿಂತಿತು. ಆ ಮೇಲೆ ಹಳೆಯ ಪೋಡಿನ ಜಾಗಕ್ಕೆ ಹೋಗಿ ನೋಡಿದ ಹಿರಿಯನ ಕಣ್ಣಿಗೆ, ಹುಲ್ಲು ಬೆಳೆದು ದಾರಿ ಕಾಣುತ್ತಿದ್ದ ಎಡೆಯಲ್ಲಿ ಲಂಟಾನದ ಪೊದೆ ತಲೆಗಿಂತ ಎತ್ತರವಾಗಿ ಹೆಣೆದುಕೊಂಡಿದೆ. ದಟ್ಟವೂ ವಿರಳವೂ ಇಲ್ಲಿಯೂ ಅದಲುಬದಲಾದುವು. ರಾಮನು ಕಾರಣವನ್ನು ಹೇಳಲಿಲ್ಲ. ಸೋಲಿಗ ಹಿರಿಯರು ಹೇಳುತ್ತಾರೆ: ತರಗುಬೆಂಕಿ ನಿಂತದ್ದರಿಂದ ಲಂಟಾನ ಹಬ್ಬಿತು ಎಂದು. ಹಂಬಲದ ಮಾತು ಇಷ್ಟಕ್ಕೆ ಬಂದು ನಿಂತರೆ ಅದು ಶಾಸ್ತ್ರವಾಗುತ್ತದೆ.

ಅವರಿಗೂ ನಿಂತ ಬೆಟ್ಟಗಳಿದ್ದುವು. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ಒಂದೊಂದು ಕುಲದ ಎಲ್ಲೆಗೂ ಸೇರಿದ ಪವಿತ್ರಸ್ಥಳಗಳು. ಭಾರ್ಗವಿ ತೊರೆಯ ದಡದ ದೊಡ್ಡಸಂಪಿಗೆ. ಬೆಂಗಳೂರಿನ ಅಟ್ರೀ ಸಂಸ್ಥೆಯ ಸಂಶೋಧಕರೊಡನೆ ಕೂಡಿ ಸೋಲಿಗರು ಈ ಸ್ಥಳಗಳನ್ನೆಲ್ಲ ನಡೆದು ಗುರುತಿಸಿ ನಕಾಶೆ ಮಾಡಿದರು. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳು ಪವಿತ್ರಸ್ಥಳ, ಸ್ಮಶಾನ, ಬಾವಿಗಳ ಕುರುಹನ್ನೂ, ಹಿರಿಯರ ಹೇಳಿಕೆಯನ್ನು ಬರೆದುಕೊಂಡುದನ್ನೂ ಸಾಕ್ಷ್ಯವಾಗಿ ಒಪ್ಪುತ್ತವೆ. 2011ರಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಅದೇ ವರ್ಷ ಅಕ್ಟೋಬರ್ 2ರಂದು ಅಲ್ಲಿಯ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕಿನ ಪತ್ರಗಳು ದೊರೆತುವು. ಕಳೆದುಹೋದ ಮನೆಗಳು ಅದರಿಂದ ಮರಳಿ ಬಂದುವೆಂದಲ್ಲ. ಆದರೆ ಬಾಲ್ಯದ ತಾಣವನ್ನು ಗುರುತಿಸಿ ಹೇಳುವ ಮುದುಕನ ಮಾತಿಗೆ ರಾಜಶಾಸನದ ಎದುರಿನಲ್ಲಿ ಬೆಲೆ ಬಂದಿತು. ಅವನು ಹೇಳಿದುದು ನೆನಪಿನ ಸೊಗಸನ್ನಲ್ಲ, ಬಂಡೆಯ ಹೆಸರನ್ನು, ಆದುದರಿಂದಲೇ ಬೆಲೆ.

ಸಾಹಿತ್ಯಕ್ಕೂ ಇದೇ ಪ್ರಮಾಣ. ಬಾಲ್ಯದ ತಾಣವನ್ನು ಕುರಿತು ಬರೆಯುವವನು ತನ್ನ ಹೃದಯವನ್ನು ಮುಚ್ಚಿಡಬೇಕೆಂದು ಯಾರೂ ಹೇಳುವುದಿಲ್ಲ. ಕರುಣರಸದಲ್ಲಿ ಭವಭೂತಿಯನ್ನು ಮೀರಿಸಿದವರಾರು? ಆದರೆ ತಾಣಕ್ಕೂ ಮಾತನಾಡಲು ಎಡೆ ಕೊಡಬೇಕು. ಕಟ್ಟೆ ಚಿಕ್ಕದಾಗಿ ಕಂಡರೆ, ಚಿಕ್ಕದಾದುದು ಕಟ್ಟೆಯೋ, ಅಥವಾ ನೋಡುವವನು ಬೆಳೆದುದರಿಂದ ಹಾಗೆ ಕಂಡಿತೋ ಎಂದು ಮೊದಲು ತೂಗಬೇಕು. ಕೆರೆ ಬತ್ತಿದ್ದರೆ ತೂಬು ಒಡೆದುದು ಹೇಗೆ, ಕಾಲುವೆ ಮುಚ್ಚಿದವರು ಯಾರು ಎಂದು ವಿಚಾರಿಸಬೇಕು. ಹಾಗೆಯೇ ತಾನು ಆಡಿದ ಕಡೆ ಯಾರು ಆಡಲಾಗಲಿಲ್ಲ ಎಂಬುದನ್ನೂ ಒಂದು ಸಾಲಿನಲ್ಲಾದರೂ ಬರೆಯಬೇಕು. ಬಳೆಮಂಟಪದ ಕಲ್ಲಿನ ಸರಪಳಿಯಲ್ಲಿ ಇನ್ನೂ ಎಷ್ಟು ಕೊಂಡಿಗಳಿವೆಯೆಂದು ಎಣಿಸಿ ಬರೆದವನ ಒಂದು ಪುಟವು, ಕಳೆದ ಕಾಲವನ್ನು ಹಾಡಿ ಹೊಗಳಿದ ಹತ್ತು ಪುಟಗಳಿಗಿಂತ, ಮುಂದೆ ಅಲ್ಲಿಗೆ ಬರುವ ಮಕ್ಕಳಿಗೆ ಹೆಚ್ಚು ಉಪಕಾರ ಮಾಡುವುದು.