ಗೋಡೆ ಮುಟ್ಟಿ ಮರಳುವ ಸದ್ದು

ಚಿಪ್ ತಯಾರಿಕೆಯ ಎಕ್ಸೈಮರ್ ಲೇಸರ್‌ಗಳ ಬೆಳಕನ್ನು ಹೊಗಳುವವರು ಬೇಕಾದಷ್ಟಿದ್ದಾರೆ. ನನ್ನ ಕಿವಿ ಮಾತ್ರ ಅವುಗಳ ಒಡಲೊಳಗಿನ ಸದ್ದಿನ ಕಡೆಗೆ.

193 ನ್ಯಾನೋಮೀಟರಿನ ಆರ್ಗಾನ್ ಫ್ಲೋರೈಡ್ ಲೇಸರನ್ನೇ ನೋಡಿ. ಒಡಲಲ್ಲಿ ಬಹುಪಾಲು ನಿಯಾನ್, ತುಸು ಆರ್ಗಾನ್, ಚಿಟಿಕೆ ಫ್ಲೋರಿನ್. ಎರಡು ಉದ್ದನೆಯ ಎಲೆಕ್ಟ್ರೋಡ್‌ಗಳ ನಡುವೆ ಸೆಕೆಂಡಿಗೆ 4000 ಸಲ, ಈಚಿನ ಯಂತ್ರಗಳಲ್ಲಿ 6000 ಸಲ, ವಿದ್ಯುತ್ ಸಿಡಿಯುತ್ತದೆ. ಕ್ಷಣಾರ್ಧವೂ ಅಲ್ಲದ ಆ ಹೊತ್ತಿನಲ್ಲಿ ಅನಿಲಕ್ಕೆ ಹಿಗ್ಗಲು ಪುರುಸೊತ್ತೆಲ್ಲಿ? ಕಾದು, ಒತ್ತಡವೇರಿ, ಅಲೆಯಾಗಿ ನುಗ್ಗುತ್ತದೆ. ಪಿಯಾನೋದ ಬಲತುದಿಯ ಸ್ವರ 4186 ಹರ್ಟ್ಜ್. ನಮ್ಮ ಲೇಸರಿನ ಶ್ರುತಿ ಅದರ ನೆರೆಮನೆ. (ಇಂಪಿನ ಮಾತು ಬೇರೆ.)

ಹೊರಟ ಅಲೆ ನಿರುಪದ್ರವಿ, ಅಷ್ಟರಲ್ಲಿ ಬೆಳಕು ಹೊರಬಿದ್ದಾಗಿರುತ್ತದೆ. ಕಾಟವೆಲ್ಲ ಮರಳಿ ಬಂದದ್ದರದು. ನಿಯಾನ್‌ನಲ್ಲಿ ಸದ್ದು ಸೆಕೆಂಡಿಗೆ ಸುಮಾರು 450 ಮೀಟರ್ ಓಡುತ್ತದೆ. 4000ದ ದರದಲ್ಲಿ ಎರಡು ಸಿಡಿತಗಳ ನಡುವೆ 250 ಮೈಕ್ರೋಸೆಕೆಂಡ್; ಅಲೆಗೆ ಅದು 11 ಸೆಂಟಿಮೀಟರಿನ ದಾರಿ. ಐದೂವರೆ ಸೆಂಟಿಮೀಟರ್ ಆಚೆ ನುಣುಪಾದ ಗೋಡೆಯಿತ್ತೋ, ಮುಂದಿನ ಸಿಡಿತಕ್ಕೆ ಸರಿಯಾಗಿ ಅಲೆ ಹಾಜರು. ಅನಿಲದ ಸಾಂದ್ರತೆ ಏರುಪೇರಾಗಿ ಬೆಳಕಿನ ದಾರಿ ಅತಿ ಸೂಕ್ಷ್ಮವಾಗಿ ಬಾಗುತ್ತದೆ. ಬಾಗಿದ್ದು ತರಂಗಾಂತರ ಆರಿಸುವ ಗ್ರೇಟಿಂಗನ್ನು ಬೇರೆ ಕೋನದಲ್ಲಿ ತಾಕುವುದರಿಂದ ತರಂಗಾಂತರವೇ ಜಾರುತ್ತದೆ. ಮುಂದಿರುವ ಮಸೂರಗಳೋ ಬಹುಪಾಲು ಒಂದೇ ಜಾತಿಯ ಸಿಲಿಕಾ ಗಾಜು, ತರಂಗಾಂತರದ ವ್ಯತ್ಯಾಸವನ್ನು ಸರಿದೂಗಿಸಲಾರವು. ತರಂಗಾಂತರದ ಹರವು ಒಂದು ಪಿಕೋಮೀಟರಿಗಿಂತ ಕಡಿಮೆ ಇರದಿದ್ದರೆ ಚಿಪ್ ಮೇಲೆ ಮೂಡುವ ಚಿತ್ರ ಮಸುಕು.

ಸಿಡಿತದ ದರವನ್ನು ಮೆಲ್ಲಗೆ ಏರಿಸುತ್ತ ಹೋದಾಗ ಸ್ವಾರಸ್ಯ ಕಾಣುತ್ತದೆ. ಎಷ್ಟೋ ದೂರ ಹರವು ಶಾಂತ. ಕೆಲವು ದರಗಳಲ್ಲಿ ಮಾತ್ರ ದಿಢೀರನೆ ಉಬ್ಬಿ, ಮತ್ತೆ ಇಳಿಯುತ್ತದೆ. ಆ ಉಬ್ಬುಗಳೂ ಒಂದೆಡೆ ನಿಲ್ಲುವ ಪೈಕಿಯಲ್ಲ. ಅನಿಲ 10 ಡಿಗ್ರಿ ಬಿಸಿಯಾದರೆ ಸದ್ದಿನ ವೇಗ ಸುಮಾರು ಶೇ 1.6ರಷ್ಟು ಹೆಚ್ಚಿ, 4000ದಲ್ಲಿದ್ದ ಉಬ್ಬು 4060ರ ಆಸುಪಾಸಿಗೆ ಸರಿಯುತ್ತದೆ. ತಣ್ಣಗಿದ್ದಾಗ ಸುರಕ್ಷಿತವೆನಿಸಿದ ದರ ಯಂತ್ರ ಕಾದ ಮೇಲೆ ಕೈಕೊಡಬಹುದು.

ಮದ್ದೇನು? ಬಳಸಿದ ಬಿಸಿ ಅನಿಲವನ್ನು ಆಚೆ ತಳ್ಳಲು ಫ್ಯಾನ್ ಬೇಕೇ ಬೇಕು, ಆದರೆ ಸದ್ದನ್ನು ಹಿಂದಿಕ್ಕುವ ಫ್ಯಾನ್ ಇಲ್ಲ. ಸದ್ದು ಹೀರುವ ರಂಧ್ರಭರಿತ ಹೊದಿಕೆ ಹಾಕೋಣವೆಂದರೆ ಅದು ಫ್ಲೋರಿನ್ ಜೊತೆ ಬಾಳಬೇಕು. ನನಗೆ ಹಿಡಿಸುವುದು ಗೋಡೆಗೆ ಓರೆ ಕೊಟ್ಟು ತೋಡು ಕೊರೆಯುವ ಉಪಾಯ. ಅಲೆ ಚೂರುಚೂರಾಗಿ ಬೇರೆ ಬೇರೆ ಹೊತ್ತಿಗೆ, ಬೇರೆ ಬೇರೆ ದಿಕ್ಕಿನಿಂದ ಬರುತ್ತದೆ, ಒಟ್ಟಿಗೆ ಮುತ್ತುವುದಿಲ್ಲ. ಆದರೆ ದರ 6000ಕ್ಕೆ ಏರಿದಾಗ ನಾಲ್ಕು ಸೆಂಟಿಮೀಟರಿಗಿಂತ ಹತ್ತಿರದ ಗೋಡೆಯೂ ಲೆಕ್ಕಕ್ಕೆ ಬರುತ್ತದೆ, ಅಷ್ಟು ಹತ್ತಿರದಲ್ಲಿ ಓರೆ ಕೊಡಲು ಜಾಗವೇ ಕಡಿಮೆ.