ಸಾಲಿನಲ್ಲಿ ಕೂರಿಸಿದರೆ ಸಾಕೇ?

ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿ, ಎಲೆಗೆ ಬಡಿಸುವಾಗ ಭೇದ ಮಾಡುವ ಬುದ್ಧಿ ನಮಗೆ ಹೊಸದಲ್ಲ. ಅಮೆರಿಕದ ‘ಸ್ಟಾರ್ ಟ್ರೆಕ್’ ಧಾರಾವಾಹಿ ನೋಡುವಾಗ ನಮಗೆ ಈ ಪಂಕ್ತಿಭೇದವೇ ನೆನಪಾಗುತ್ತದೆ. ಬಾಹ್ಯಾಕಾಶದ ಕಥೆ ಕಟ್ಟಿಕೊಂಡು ನಮಗೇನಾಗಬೇಕು ಅಂತ ಹಳ್ಳಿಯ ಮೇಷ್ಟ್ರೊಬ್ಬರು ಕೇಳಬಹುದು. ನಾಳಿನ ಲೋಕ ಹೇಗಿರಬೇಕೆಂದು ಕನಸು ಕಾಣುವ ಜಾಗದಲ್ಲೂ ಇವತ್ತಿನ ಯಜಮಾನಿಕೆ ನುಸುಳುತ್ತದೆ. ಆದ್ದರಿಂದ ಇದು ನಮ್ಮ ಪ್ರಶ್ನೆಯೂ ಹೌದು.

1966ರಿಂದ 1969ರವರೆಗೆ ನಡೆದ ಮೊದಲ ಸರಣಿಯ ನೌಕೆಯಲ್ಲಿ ಕಪ್ಪು ಹೆಣ್ಣುಮಗಳು ಉಹುರಾ ಇದ್ದಳು, ಏಷ್ಯಾ ಮೂಲದ ಸುಲು ಇದ್ದ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಪಾತ್ರ ಬಿಡಲು ಹೊರಟಿದ್ದ ತನ್ನನ್ನು ಮಾರ್ಟಿನ್ ಲೂಥರ್ ಕಿಂಗ್ ಅವರೇ ತಡೆದರೆಂದು ಉಹುರಾ ಪಾತ್ರದ ನಟಿ ನಿಶೆಲ್ ನಿಕೋಲ್ಸ್ ಮುಂದೆ ಹೇಳಿಕೊಂಡಿದ್ದಾರೆ. ಆದರೆ ಕಥೆ ಯಾರದು? ಕ್ಯಾಪ್ಟನ್ ಕರ್ಕ್, ಸ್ಪಾಕ್, ಡಾಕ್ಟರ್ ಮೆಕಾಯ್ ಈ ಮೂವರದು. ಉಹುರಾಳ ಪಾಲಿಗೆ ಬಹಳ ಸಲ ಬಂದದ್ದು ಬೇರೆಯವರ ಮಾತನ್ನು ಆಚೆಗೆ ದಾಟಿಸುವ ಕೆಲಸ. ಅವಳ ಪೂರ್ತಿ ಹೆಸರು ತೆರೆಯ ಮೇಲೆ ಕೇಳಿಬಂದದ್ದು 2009ರ ಸಿನಿಮಾದಲ್ಲಿ!

1967ರ ‘ದಿ ಚೇಂಜ್ಲಿಂಗ್’ ಕಂತು ನೋಡಿ. ಯಂತ್ರವೊಂದು ಉಹುರಾಳ ನೆನಪನ್ನೆಲ್ಲ ಅಳಿಸಿಹಾಕುತ್ತದೆ. ಆಕೆ ಮಗುವಿನಂತೆ ಅಕ್ಷರ ಕಲಿಯಬೇಕು. ತಡವರಿಸಿದಾಗ ಬಾಯಿಗೆ ಬರುವುದು ಸ್ವಾಹಿಲಿ. ಎಂಥ ಕಥೆ ಇತ್ತು ಅಲ್ಲಿ! ಅಕ್ಷರ ಕಸಿದುಕೊಂಡವರು ಯಾರು, ಉಳಿದ ನುಡಿ ಯಾವುದು ಎಂದು ಕೇಳಬಹುದಿತ್ತು. ಬರೆದವರು ಒಂದು ವಾರದಲ್ಲಿ ಸರಿಹೋಗ್ತಾಳೆ ಅಂತ ಕೈತೊಳೆದುಕೊಂಡರು.

1969ರ ‘ದಿ ಕ್ಲೌಡ್ ಮೈಂಡರ್ಸ್’ ಇನ್ನೂ ಹತ್ತಿರದ್ದು. ಮೋಡದ ಮೇಲೆ ಕಲಾರಸಿಕರ ನಗರ, ಕೆಳಗೆ ಗಣಿಯಲ್ಲಿ ದುಡಿಯುವ ಜನ. ಇವರ ಬುದ್ಧಿಯೇ ಮಂದ ಅನ್ನುತ್ತಾರೆ ಮೇಲಿನವರು. ಕಥೆ ಅದನ್ನು ಒಪ್ಪಿಕೊಂಡೇ, ತಪ್ಪು ಗಣಿಯ ಅನಿಲದ್ದು ಅನ್ನುತ್ತದೆ. ಮುಖವಾಡ ಹಂಚಿ ಪರಿಹಾರ ಕೊಡುತ್ತದೆ. ದುಡಿಯುವವರ ಸಿಟ್ಟಿಗೆ ಅನಿಲ ಕಾರಣವೋ, ಅನ್ಯಾಯ ಕಾರಣವೋ? ಅಲ್ಲಿ ನ್ಯಾಯ ಹೇಳುವವರು ಕರ್ಕ್ ಮತ್ತು ಸ್ಪಾಕ್. ಆ ಗಣಿಗೆ ಉಹುರಾಳನ್ನು ಇಳಿಸಿದ್ದರೆ? ಗುಲಾಮರ ಬುದ್ಧಿ ಮಂದ ಎಂಬ ಸುಳ್ಳನ್ನು ಅವಳ ಹಿರಿಯರು ತಲೆಮಾರುಗಟ್ಟಲೆ ಕೇಳಿದವರು. ಸುಲು ಪಾತ್ರದ ಜಾರ್ಜ್ ಟಕೇ ಎಳವೆಯಲ್ಲೇ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಜಪಾನಿ ಮೂಲದವರೆಂಬ ಒಂದೇ ಕಾರಣಕ್ಕೆ ಅಮೆರಿಕದ ಬಂಧನ ಶಿಬಿರದಲ್ಲಿ ಬೆಳೆದವರು. ಇಂಥ ಅನುಭವ ಎದುರಿಗೇ ಕೂತಿತ್ತು. ಕಥೆ ಅದನ್ನು ಮುಟ್ಟಲಿಲ್ಲ.

ಮುಟ್ಟಿದರೆ ಏನಾಗುತ್ತದೆ ಅನ್ನುವುದಕ್ಕೆ ಇದೇ ವಂಶದ ‘ಡೀಪ್ ಸ್ಪೇಸ್ ನೈನ್’ ಸರಣಿ (1993–1999) ಸಾಕ್ಷಿ. 1998ರ ‘ಫಾರ್ ಬಿಯಾಂಡ್ ದಿ ಸ್ಟಾರ್ಸ್’ ಕಂತನ್ನು ನಾಯಕ ನಟ ಏವರಿ ಬ್ರೂಕ್ಸ್ ಅವರೇ ನಿರ್ದೇಶಿಸಿದರು. ವಾರವಾರ ಅನ್ಯಗ್ರಹದವರ ಬಣ್ಣ ಬಳಿದುಕೊಳ್ಳುತ್ತಿದ್ದ ನಟರನ್ನು ಬಣ್ಣ ಕಳಚಿ 1953ರ ನ್ಯೂಯಾರ್ಕಿನ ಒಂದು ಪತ್ರಿಕಾ ಕಚೇರಿಗೆ ತಂದು ಕೂರಿಸಿದರು. ಕಪ್ಪು ಲೇಖಕ ಬೆನ್ನಿ ಕಪ್ಪು ನಾಯಕನ ಕಥೆ ಬರೆದನೆಂದು ಒಡೆಯ ಆ ಸಂಚಿಕೆಯನ್ನೇ ನಾಶಮಾಡಿಸುತ್ತಾನೆ. ಅಲ್ಲಿ ಹೆಣ್ಣೆಂದು ಗೊತ್ತಾಗದಂತೆ ಬರೆಯುವ ಲೇಖಕಿ ಇದ್ದಾಳೆ. ಕಥೆ ಚೆನ್ನಾಗಿದೆ ಅನ್ನುತ್ತಲೇ ಒಡೆಯನಿಗೆ ಹೆದರುವ ಸಂಪಾದಕ ಇದ್ದಾನೆ. ಪೊಲೀಸರ ಗುಂಡಿಗೆ ಬೀಳುವ ಹುಡುಗ ಇದ್ದಾನೆ. ಒಬ್ಬೊಬ್ಬ ನಟನೂ ಆ ವ್ಯವಸ್ಥೆಯ ಒಂದೊಂದು ಮುಖ ಹೊತ್ತಿದ್ದಾನೆ. ಯಾರೂ ಬರೀ ಅಲಂಕಾರಕ್ಕಿಲ್ಲ. ಬಹುಪಾತ್ರಗಳ ಬಳಕೆ ಅಂದರೆ ಇದು.

ಆದರೆ ಇಂಥ ಕಂತು ಹಬ್ಬದೂಟವಾಗಬಾರದು, ದಿನದ ಕೂಳಾಗಬೇಕು. ತೀರ್ಮಾನ ತೆಗೆದುಕೊಳ್ಳುವ ಸರದಿ ಎಲ್ಲರಿಗೂ ಬರಲಿ. ಒಂದು ಕಂತಿನ ಗಾಯ ಮುಂದಿನ ಕಂತಿನಲ್ಲೂ ನೋಯಲಿ. ಕೆಳಗಿನವರ ನೋವನ್ನು ಬಲ್ಲವರೇ ಕೆಳಗಿಳಿದು ಮಾತಾಡಲಿ. ಕುರ್ಚಿ ಕೊಟ್ಟಿದ್ದೇವಲ್ಲ, ಇನ್ನೇನು ಅನ್ನುವವರಿಗೆ ನಮ್ಮ ಉತ್ತರ ಇಷ್ಟೇ: ಕುರ್ಚಿಯಲ್ಲಿ ಕೂತವರಿಗೆ ಬಾಯಿಯೂ ಇದೆ.