ಯಕೃತ್ತಿನ ಅರ್ಬುದಕ್ಕೆ ಧ್ವನಿಚಿಕಿತ್ಸೆ

ಯಕೃತ್ತಿನ ಕಸಿಯನ್ನು ನಿರೀಕ್ಷಿಸುತ್ತಿರುವ ಅರ್ಬುದರೋಗಿಯಲ್ಲಿ ಗಡ್ಡೆ ಒಂದೇ ಇದ್ದರೆ 5 ಸೆಂಟಿಮೀಟರನ್ನು, ಎರಡು ಮೂರಿದ್ದರೆ ಒಂದೊಂದೂ 3 ಸೆಂಟಿಮೀಟರನ್ನು ಮೀರಿರಬಾರದೆಂದು ಇಟಲಿಯ ಮಿಲಾನಿನ ವೈದ್ಯರು 1996ರಲ್ಲಿ ಪ್ರತಿಪಾದಿಸಿದ ಮಿತಿಯು ಇಂದಿಗೂ ಆಧಾರಪ್ರಮಾಣವಾಗಿರುವುದರಿಂದ, ದಾನಿಯ ಅಂಗವು ದೊರೆಯುವ ತನಕ ಗಡ್ಡೆಯನ್ನು ಆ ಎಲ್ಲೆಯೊಳಗೇ ತಡೆದಿರಿಸುವ ಚಿಕಿತ್ಸೆಯು ಕಸಿಯಷ್ಟೇ ಗೌರವಕ್ಕೆ ಪಾತ್ರವಾದುದು. ಆ ಕಾರ್ಯವನ್ನು ಚರ್ಮವನ್ನು ಸೀಳದೆ, ಸೂಜಿಯನ್ನೂ ಚುಚ್ಚದೆ, ಕಿವಿಗೆ ನಿಲುಕದ ಧ್ವನಿತರಂಗಗಳಿಂದಲೇ ನೆರವೇರಿಸುವ ವಿಧಾನಗಳು ಎರಡು.

ಮೊದಲನೆಯದಾದ ಹೈಫು, ತರಂಗಗಳನ್ನು ಒಂದೆಡೆ ಕೇಂದ್ರೀಕರಿಸಿ ಶಾಖದಿಂದ ಗಡ್ಡೆಯನ್ನು ದಹಿಸುತ್ತದೆ. ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡ ಹಿಸ್ಟೋಟ್ರಿಪ್ಸಿಯಾದರೋ ಅತಿಹ್ರಸ್ವವಾದ ಸ್ಪಂದನಗಳಿಂದ ಅಂಗಾಂಶದಲ್ಲಿ ಸೂಕ್ಷ್ಮ ಗುಳ್ಳೆಗಳನ್ನೆಬ್ಬಿಸಿ, ಅವುಗಳ ವಿಕಾಸ ಸಂಕೋಚಗಳ ಬಲದಿಂದ ಜೀವಕೋಶಗಳನ್ನು ಚೂರ್ಣಮಾಡುತ್ತದೆ. ಯಕೃತ್ತು ತೀರ ಬಳಲಿದ ರೋಗಿಗಳೂ ಹೈಫುವನ್ನು ಸಹಿಸಿದರೆಂದು ಹಾಂಗ್‌ಕಾಂಗಿನ ವೈದ್ಯರು 2013ರಲ್ಲಿ ಪ್ರಕಟಿಸಿದ ಅನುಭವದಲ್ಲಿ ಈ ಚಿಕಿತ್ಸೆಯ ನಿಜವಾದ ಹಿರಿಮೆಯಿದೆ.

ಹಿಸ್ಟೋಟ್ರಿಪ್ಸಿಗೆ 2023ರ ಅಕ್ಟೋಬರಿನಲ್ಲಿ ಅಮೆರಿಕದ ಸಮ್ಮತಿ ದೊರೆಯಿತು. ಆದರೆ 44 ರೋಗಿಗಳ 49 ಗಡ್ಡೆಗಳ ಮೇಲೆ ನಡೆದ ಪರೀಕ್ಷೆಯಲ್ಲಿ ನೂರಕ್ಕೆ 95ರಷ್ಟು ಸಾಧಿತವಾಯಿತೆಂಬ ಯಶಸ್ಸು, ಗುರಿಯಿಟ್ಟ ಭಾಗವು ನಾಶವಾಯಿತೇ ಎಂಬುದನ್ನು 36 ಗಂಟೆಗಳೊಳಗೆ ಅಳೆದದ್ದೇ ಹೊರತು ಆಯುಸ್ಸಿನ ವೃದ್ಧಿಯನ್ನಲ್ಲ. ಪಕ್ಕೆಲುಬುಗಳು ಧ್ವನಿಯನ್ನು ತಡೆಯುವುದೂ, ಉಸಿರಾಟದೊಡನೆ ಯಕೃತ್ತು ಚಲಿಸುವುದೂ, ಅರಿವಳಿಕೆಯ ಆವಶ್ಯಕತೆಯೂ ಉಳಿದೇ ಇವೆ.

ಚಾಮರಾಜನಗರ, ಗುಂಡ್ಲುಪೇಟೆಗಳ ರೋಗಿಯು ಕಸಿಗೆಂದು ಮೈಸೂರನ್ನೋ ಬೆಂಗಳೂರನ್ನೋ ಆಶ್ರಯಿಸಿ, ದಾನಿಯ ಅಂಗಕ್ಕಾಗಿ ರಾಜ್ಯದ ಅಂಗದಾನ ಸಂಸ್ಥೆಯಾದ ಜೀವಸಾರ್ಥಕತೆಯ ಪಟ್ಟಿಯಲ್ಲಿ ಕಾಯಬೇಕಾದವನು. ಅಂಥವನಿಗೆ ಇಂಥ ಚಿಕಿತ್ಸೆ ವರವೇ ಸರಿ. ಆದರೆ ಕಿರಿದಾಗಿರುವಷ್ಟು ಕಾಲ ನೋವನ್ನಾಗಲಿ ಕಾಮಾಲೆಯನ್ನಾಗಲಿ ತೋರದೆ ಬೆಳೆಯುವುದು ಈ ವ್ಯಾಧಿಯ ಸ್ವಭಾವವಾದುದರಿಂದ, ಲಕ್ಷಣಗಳು ತೋರಿದ ಮೇಲೆ ಬಂದವನು ಬಹುಮಟ್ಟಿಗೆ ಮಿಲಾನಿನ ಮಿತಿಯನ್ನು ದಾಟಿಯೇ ಬಂದಿರುತ್ತಾನೆ. ಆದಕಾರಣ ಇದೇ ಧ್ವನಿಯ ಸೌಮ್ಯರೂಪವಾದ ಸ್ಕ್ಯಾನಿಂಗ್, ಮದ್ಯದಿಂದಲೋ ಹೆಪಟೈಟಿಸ್ ಸೋಂಕಿನಿಂದಲೋ ಸಿರೋಸಿಸ್‌ಗೆ ತುತ್ತಾದ ಪ್ರತಿಯೊಬ್ಬರಿಗೂ 6 ತಿಂಗಳಿಗೊಮ್ಮೆ ತಾಲ್ಲೂಕು ಆಸ್ಪತ್ರೆಯಲ್ಲಿಯೇ ತಪ್ಪದೆ ಒದಗಬೇಕು. ಅಲ್ಲಿ ಸಂಶಯ ಕಂಡವರನ್ನು, 2016ರಲ್ಲಿ ಆರಂಭವಾದ ಚಾಮರಾಜನಗರದ ವೈದ್ಯಕೀಯ ಸಂಸ್ಥೆಯು ವಿಳಂಬವಿಲ್ಲದೆ ಪರೀಕ್ಷಿಸಿ ಕಸಿಕೇಂದ್ರಕ್ಕೆ ಒಪ್ಪಿಸಬೇಕು. ಈ ವ್ಯವಸ್ಥೆ ನೆಲೆಗೊಂಡಲ್ಲಿ ಮಾತ್ರ ಧ್ವನಿಚಿಕಿತ್ಸೆ ನಮ್ಮ ಜನಕ್ಕೆ ಉಪಕಾರಿ. ಅದಿಲ್ಲದೆ ಬೆಲೆಬಾಳುವ ಯಂತ್ರವನ್ನು ರಾಜಧಾನಿಗೆ ತರಿಸುವುದು ಈ ಸೀಮೆಯ ಒಬ್ಬ ರೋಗಿಯನ್ನೂ ಉಳಿಸಲಾರದು.